ಬಟ್ಟೆ ಗೊಂಬೆಗೆ ಕಚ್ಚೆ ಸೀರೆ ಉಡಿಸೋಣ ಬನ್ನಿ



ಗೊಂಬೆ ಎಂದರೆ ಯಾರಿಗೆ ಇಷ್ಟವಿಲ್ಲ ಹೇಳಿ? ಜಾತ್ರೆಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದೇ ಗೊಂಬೆ ಅಂಗಡಿ. ನಮ್ಮ ರಾಜ್ಯದಲ್ಲಿ ಚನ್ನಪಟ್ಟಣದ ಗೊಂಬೆ ಇದೆ, ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ಇದೆ. ಮೈಸೂರು ಕಡೆ ದಸರಾ ಬಂದರೆ ಮನೆ ಮನೆಯಲ್ಲಿ ಗೊಂಬೆ ಕೂರಿಸುತ್ತಾರೆ. ಚನ್ನಪಟ್ಟಣದ್ದು, ಕಿನ್ನಾಳದ್ದು ಮರದ ಗೊಂಬೆಗಳು. ಅವುಗಳ ಸೀರೆಯನ್ನು ಬಣ್ಣದಲ್ಲಿ ಬರೆದಿರುತ್ತಾರೆ. ಬಿಚ್ಚಿ ಮತ್ತೆ ಉಡಿಸಲು ಬರುವುದಿಲ್ಲ. ಬಟ್ಟೆ ಗೊಂಬೆಗೆ ಬಟ್ಟೆಯ ಸೀರೆಯನ್ನೇ ಉಡಿಸಬಹುದು. ಹಳೇ ಕಾಲದ ಹೆಂಗಸರು ಏನು ಉಡುತ್ತಿದ್ದರು, ಹೇಗೆ ಉಡುತ್ತಿದ್ದರು ಎಂಬುದನ್ನು ಕೈಯಲ್ಲಿ ಹಿಡಿದು ಕಲಿಯಬಹುದು. ಅದಕ್ಕೇ ಈ ಲೇಖನ.

ದೆಹಲಿಯಲ್ಲಿ ಗೊಂಬೆಗಳದ್ದೇ ಒಂದು ವಸ್ತುಸಂಗ್ರಹಾಲಯ ಇದೆ. ಪ್ರಸಿದ್ಧ ವ್ಯಂಗ್ಯಚಿತ್ರಕಾರ ಶಂಕರ್ ಅವರು 1965ರಲ್ಲಿ ಅದನ್ನು ಆರಂಭಿಸಿದರು. ದೇಶ ವಿದೇಶಗಳ ಸಾವಿರಾರು ಗೊಂಬೆಗಳು ಅಲ್ಲಿವೆ. ನಮ್ಮ ದೇಶದ ಬೇರೆ ಬೇರೆ ರಾಜ್ಯಗಳ ಉಡುಪು ತೊಟ್ಟ ಗೊಂಬೆಗಳನ್ನು ಅಲ್ಲೇ ಕೈಯಿಂದ ತಯಾರಿಸುತ್ತಾರೆ. ಅಂದಮೇಲೆ ಗೊಂಬೆ ಬರೀ ಆಟದ ಸಾಮಾನಲ್ಲ, ಪಾಠವೂ ಹೌದು. ಇನ್ನೊಂದು ಮಾತು. "ಹುಡುಗ ಆಗಿ ಗೊಂಬಿ ಹೊಲೀತೀಯೇನಲೇ" ಅಂತ ನಮ್ಮ ತರಗತಿಯ ಕೆಲವರು ನಕ್ಕರು. ಅವರ ಸಮವಸ್ತ್ರ ಹೊಲಿದವರು ನಮ್ಮೂರ ಟೇಲರ್ ಮಾಮಾ. ಅವರು ಗಂಡಸರೇ ಅಲ್ವಾ? ಇಳಕಲ್ಲಿನಲ್ಲಿ ಮಗ್ಗದ ಮುಂದೆ ಕೂತು ಸೀರೆ ನೇಯುವವರಲ್ಲಿ ಎಷ್ಟೋ ಜನ ಗಂಡಸರೇ. ಸೂಜಿಗೆ ಗಂಡು ಹೆಣ್ಣು ಗೊತ್ತಿಲ್ಲ.

ಹಳೇ ಉಡುಪು ಹೇಗಿತ್ತು ಅಂತ ತಿಳಿಯೋದು ಹೇಗೆ?

ಬಟ್ಟೆ ಬೇಗ ಹಾಳಾಗುತ್ತದೆ. ಗೆದ್ದಲು ತಿನ್ನುತ್ತದೆ, ಮಳೆಗೆ ಕೊಳೆಯುತ್ತದೆ, ಉಳಿದದ್ದು ಒರೆಸುವ ಅರಿವೆ ಆಗುತ್ತದೆ. ಕಲ್ಲು ಮಾತ್ರ ಉಳಿಯುತ್ತದೆ. ಅದಕ್ಕೇ ಬಹಳ ಹಳೇ ಉಡುಪು ನೋಡಬೇಕಾದರೆ ಶಿಲ್ಪಗಳ ಹತ್ತಿರ ಹೋಗಬೇಕು. ಬಾದಾಮಿಯ ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇದೆ. ಅಲ್ಲಿ ಕಂಬಗಳ ಮೇಲ್ಭಾಗದಲ್ಲಿ ಗಂಡು ಹೆಣ್ಣು ಜೋಡಿಗಳ ಶಿಲ್ಪಗಳಿವೆ. ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಹೊಯ್ಸಳ ರಾಜ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದನು. ಅಲ್ಲಿಯ ಮದನಿಕೆಯರನ್ನು ಬಳಪದ ಕಲ್ಲಿನಲ್ಲಿ ಕೆತ್ತಿದ್ದಾರೆ. ಈ ಶಿಲ್ಪಗಳಲ್ಲಿ ಹೆಂಗಸರು ಸೊಂಟಕ್ಕೆ ಒಂದು ವಸ್ತ್ರ ಸುತ್ತಿಕೊಂಡಿದ್ದಾರೆ. ಸೊಂಟದ ಪಟ್ಟಿ, ಅದರಿಂದ ಇಳಿಬಿದ್ದ ಮಣಿಸರ, ಕೊರಳ ಹಾರ, ತೋಳಬಂದಿ, ಕಾಲಿಗೆ ಕಡಗ ಹಾಕಿಕೊಂಡಿದ್ದಾರೆ. ಈಗಿನ ಹಾಗೆ ಆರು ಗಜದ ಸೀರೆ ಉಟ್ಟಿಲ್ಲ. ಅಂದರೆ ಉಡುಪು ಕಾಲಕಾಲಕ್ಕೆ ಬದಲಾಗುತ್ತಾ ಬಂದಿದೆ. "ಮೊದಲಿಂದಲೂ ಹಿಂಗೇ ಇತ್ತು" ಅನ್ನುವುದು ಸರಿಯಲ್ಲ.

ಕಲ್ಲಿಗೆ ಒಂದು ಕೊರತೆ ಇದೆ. ಅದು ಬಣ್ಣ ಹೇಳುವುದಿಲ್ಲ, ಗಂಟು ಎಲ್ಲಿ ಹಾಕಿದರು, ಯಾವ ಕೈಯಿಂದ ಸುತ್ತಿದರು ಅಂತಲೂ ಹೇಳುವುದಿಲ್ಲ. ಅದನ್ನು ಹೇಳಲು ಉಡುವವರೇ ಬೇಕು.

1824ರಲ್ಲಿ ಇಲ್ಲದ ನಾಲ್ಕು ವಸ್ತುಗಳು

ಗೊಂಬೆ ಮಾಡೋಣ ಅಂದಕೂಡಲೇ ಎಲ್ಲರೂ ಹೇಳಿದ್ದು "ಕಿತ್ತೂರು ಚೆನ್ನಮ್ಮನ ಗೊಂಬೆ ಮಾಡು" ಅಂತ. ರಾಣಿ ಚೆನ್ನಮ್ಮ 1778ರಲ್ಲಿ ಕಾಕತಿಯಲ್ಲಿ ಹುಟ್ಟಿದಳು. 1824ರ ಅಕ್ಟೋಬರ್ 23ರಂದು ಕಿತ್ತೂರಿನವರು ಬ್ರಿಟಿಷರನ್ನು ಸೋಲಿಸಿದರು, ಥ್ಯಾಕರೆ ಸತ್ತನು. ಡಿಸೆಂಬರಿನಲ್ಲಿ ಬ್ರಿಟಿಷರು ಮತ್ತೆ ಬಂದು ರಾಣಿಯನ್ನು ಸೆರೆ ಹಿಡಿದರು. 1829ರ ಫೆಬ್ರವರಿ 2ರಂದು ಬೈಲಹೊಂಗಲದ ಸೆರೆಯಲ್ಲಿ ಆಕೆ ತೀರಿಕೊಂಡಳು. ಇದು ನಮ್ಮೆಲ್ಲರಿಗೂ ಗೊತ್ತಿದೆ.

ಆದರೆ ಆ ಕಾಲದ ಗೊಂಬೆ ಮಾಡುವವರು ಈ ನಾಲ್ಕು ಇಸವಿಗಳನ್ನೂ ನೆನಪಿಡಬೇಕು.

1) ಫೋಟೋ ತೆಗೆಯುವ ವಿಧಾನ ಜಗತ್ತಿಗೆ ತಿಳಿದದ್ದು 1839ರಲ್ಲಿ. ಅಷ್ಟೊತ್ತಿಗೆ ಚೆನ್ನಮ್ಮ ತೀರಿಕೊಂಡು ಹತ್ತು ವರ್ಷ ಆಗಿತ್ತು. ಆಕೆಯ ಫೋಟೋ ಇರಲು ಸಾಧ್ಯವೇ ಇಲ್ಲ. ನಾವು ನೋಡುವ ಪ್ರತಿಮೆಗಳನ್ನು ನಂತರದ ಕಲಾವಿದರು ಯೋಚಿಸಿ ಮಾಡಿದ್ದಾರೆ.

2) ಹೊಲಿಗೆ ಯಂತ್ರ ಅಂಗಡಿಗೆ ಬಂದು ಎಲ್ಲರಿಗೂ ಸಿಗತೊಡಗಿದ್ದು 1850ರ ನಂತರ. ಆದ್ದರಿಂದ ಆ ಕಾಲದ ಕುಬಸವನ್ನು ಕೈಯಲ್ಲೇ ಹೊಲಿಯಬೇಕು.

3) ಈಗಿನ ಸೇಫ್ಟಿ ಪಿನ್ನನ್ನು 1849ರಲ್ಲಿ ಅಮೆರಿಕದ ವಾಲ್ಟರ್ ಹಂಟ್ ಮಾಡಿದನು. ಆದ್ದರಿಂದ ಗೊಂಬೆಯ ಸೆರಗಿಗೆ ಪಿನ್ನು ಚುಚ್ಚಬಾರದು. ಗಂಟು, ಸಿಕ್ಕಿಸುವುದು, ಸುತ್ತುವುದು ಇವೇ ಗತಿ.

4) ರಾಸಾಯನಿಕ ಬಣ್ಣವನ್ನು 1856ರಲ್ಲಿ ಇಂಗ್ಲೆಂಡಿನ ಪರ್ಕಿನ್ ಎಂಬ ಹುಡುಗ ಕಂಡುಹಿಡಿದನು. ಆಗ ಅವನಿಗೆ ಬರೀ ಹದಿನೆಂಟು ವರ್ಷ! ಅದಕ್ಕೆ ಮೊದಲು ನೀಲಿ ಗಿಡದಿಂದ ನೀಲಿ, ಬೇರುಗಳಿಂದ ಕೆಂಪು, ಅರಿಷಿಣದಿಂದ ಹಳದಿ ಮಾಡುತ್ತಿದ್ದರು. ಆದ್ದರಿಂದ ಜಾತ್ರೆಯ ಅಂಗಡಿಯ ಮಿಣಿ ಮಿಣಿ ಗುಲಾಬಿ ಬಣ್ಣದ ಬಟ್ಟೆ ಆ ಕಾಲದ ಗೊಂಬೆಗೆ ಒಪ್ಪುವುದಿಲ್ಲ.

ಹೀಗೆ ಒಂದು ಗೊಂಬೆ ಮಾಡಲು ಹೋದರೆ ಇತಿಹಾಸ, ವಿಜ್ಞಾನ ಎರಡೂ ಬರುತ್ತವೆ. ಮುಂದೆ ಗಣಿತವೂ ಬರುತ್ತದೆ ನೋಡಿ.

ರಾಣಿಯೋ, ಕಳೆ ತೆಗೆಯುವವಳೋ?

ನಾನು ರಾಣಿಯ ಗೊಂಬೆ ಮಾಡಲಿಲ್ಲ. ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಗಳ ಗೊಂಬೆ ಮಾಡಿದೆ. ಕಾರಣ ಇಷ್ಟೆ. ರಾಣಿಗೆ ಊರೂರಲ್ಲಿ ಪ್ರತಿಮೆ ಇದೆ. ಕಳೆ ತೆಗೆದವರಿಗೆ, ಹತ್ತಿ ಬಿಡಿಸಿದವರಿಗೆ ಎಲ್ಲೂ ಪ್ರತಿಮೆ ಇಲ್ಲ. ಮತ್ತೆ ಅವರ ಉಡುಪು ಹೇಗಿತ್ತು ಅಂತ ಊಹೆ ಮಾಡಬೇಕಾಗಿಲ್ಲ. ನಮ್ಮ ಆಯಿ ಈಗಲೂ ಅದನ್ನೇ ಉಡುತ್ತಾಳೆ. ಒಂಬತ್ತು ಗಜದ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಬಸ, ಹಿಂದೆ ಕಚ್ಚೆ.

"ಕಚ್ಚಿ ಹಾಕ್ಕೊಂಡ್ರ ಕೂತು ಕಳೆ ತೆಗಿಯಾಕ ಹಗುರ. ಗಿಡಾ ಹತ್ತಬಹುದು, ಹಳ್ಳಾ ದಾಟಬಹುದು. ಸೀರಿ ಕಾಲಾಗ ಸಿಗೂದಿಲ್ಲ" ಅಂತ ಆಯಿ ಹೇಳುತ್ತಾಳೆ. ಅಂದರೆ ಕಚ್ಚೆ ಬರೀ ಅಂದಕ್ಕಲ್ಲ, ದುಡಿಮೆಗೆ. ಎರಡು ಕಾಲೂ ಬೇರೆ ಬೇರೆಯಾಗಿ ಆಡುತ್ತವೆ.

ನಮ್ಮ ಓಣಿಯಲ್ಲಿ ಕಚ್ಚೆ ಸೀರೆ ಉಡುವವರು ಈಗ ಮೂವರೇ. ಮೂವರೂ ಎಪ್ಪತ್ತು ದಾಟಿದವರು. ಹೋದ ವರ್ಷ ನಾಲ್ವರು ಇದ್ದರು. ತೀರಿಕೊಂಡ ಅಜ್ಜಿ ಹೊಳೆಯ ಆಚೆ ಊರಿಂದ ಮದುವೆಯಾಗಿ ಬಂದವರು. ಅವರ ಕಚ್ಚೆ ಬೇರೆ ತರಹ ಇತ್ತಂತೆ, ಹಿಂದೆ ಮೀನಿನ ಬಾಲದ ಹಾಗೆ ಅಗಲವಾಗಿ ಬಿಡುತ್ತಿದ್ದರಂತೆ. ಹೇಗೆ ಮಡಿಚುತ್ತಿದ್ದರು ಅಂತ ಈಗ ಯಾರಿಗೂ ಬರುವುದಿಲ್ಲ. ಅವರ ಸೊಸೆಗೂ ಬರುವುದಿಲ್ಲ. ಅವರ ಸೀರೆಗಳೆಲ್ಲ ಕೌದಿ ಆದವು. ಬಟ್ಟೆ ಉಳಿಯಿತು, ಉಡುವ ರೀತಿ ಹೋಯಿತು. ಇದನ್ನು ಕೇಳಿದ ಮೇಲೆ ಉಳಿದ ಮೂವರದ್ದಾದರೂ ಕಲಿಯಬೇಕು ಅಂತ ನನಗೆ ಅನ್ನಿಸಿತು.

ಗೊಂಬೆಯ ಲೆಕ್ಕ

ಐದು ಅಡಿ ಎತ್ತರದ ಹೆಂಗಸು ಅಂದರೆ 60 ಇಂಚು. ನಮ್ಮ ಗೊಂಬೆ 12 ಇಂಚು. 60ನ್ನು 12ರಿಂದ ಭಾಗಿಸಿದರೆ 5. ಆದ್ದರಿಂದ ಎಲ್ಲ ಅಳತೆಗಳನ್ನೂ 5ರಿಂದ ಭಾಗಿಸಬೇಕು.

ಸೀರೆಯ ಉದ್ದ 9 ಗಜ, ಅಂದರೆ 324 ಇಂಚು. 5ರಿಂದ ಭಾಗಿಸಿದರೆ ಸುಮಾರು 65 ಇಂಚು.
ಸೀರೆಯ ಅಗಲ 48 ಇಂಚು ಇದ್ದರೆ ಗೊಂಬೆಗೆ ಸುಮಾರು 9½ ಇಂಚು.
ದಡಿ 4 ಇಂಚು ಇದ್ದರೆ ಗೊಂಬೆಗೆ ಮುಕ್ಕಾಲು ಇಂಚು.

ಇಲ್ಲಿ ಒಂದು ತೊಡಕು ಇದೆ. ಉದ್ದ, ಅಗಲವನ್ನು ಭಾಗಿಸಬಹುದು. ಬಟ್ಟೆಯ ದಪ್ಪವನ್ನು ಭಾಗಿಸಲು ಬರುವುದಿಲ್ಲ! ಪೂರಾ 65 ಇಂಚು ಸುತ್ತಿದರೆ ಗೊಂಬೆ ಕೌದಿ ಹೊದ್ದ ಹಾಗೆ ಕಾಣುತ್ತದೆ. ಅದಕ್ಕೆ ನಿರಿಗೆಯಲ್ಲಿ ಹತ್ತು ಇಂಚು ಕಡಿಮೆ ಮಾಡಿ 55 ಇಂಚು ತೆಗೆದುಕೊಳ್ಳಬೇಕು. ಬಟ್ಟೆ ಹೊಸದು ಬೇಡ. ನೂರು ಸಲ ಒಗೆದು ಮೆತ್ತಗಾದ ಹಳೇ ಹತ್ತಿ ಬಟ್ಟೆಯೇ ಒಳ್ಳೆಯದು. ಹೊಸ ಬಟ್ಟೆ ಸೆಟೆದು ನಿಲ್ಲುತ್ತದೆ, ಹಳೇದು ಮೈಗೆ ಕೂಡುತ್ತದೆ.

ಆಯಿ ತನ್ನ ಒಂದು ಹಳೇ ಸೀರೆ ಕೊಟ್ಟಳು. "ಅದು ಕೌದಿಗೆ ಇಟ್ಟದ್ದು, ಕತ್ತರಿಸಬ್ಯಾಡ" ಅಂತ ಅವ್ವ ಅಂದಳು. ಕೊನೆಗೆ ಗೊಂಬೆಗೆ ಅಷ್ಟು ತುಂಡು, ಉಳಿದದ್ದು ಕೌದಿಗೆ ಅಂತ ತೀರ್ಮಾನವಾಯಿತು.

ಬೇಕಾಗುವ ಸಾಮಾನು

ತಿಳಿ ಕಂದು ಬಣ್ಣದ ಹತ್ತಿ ಬಟ್ಟೆ ಒಂದೂವರೆ ಅಡಿ, ಬೀಜ ತೆಗೆದ ಅರಳೆ ಎರಡು ಮುಷ್ಟಿ, ಸೂಜಿ, ದಾರ, ಕತ್ತರಿ, ಕಪ್ಪು ಉಲನ್ ದಾರ, ಕಸಬರಿಗೆ ಕಡ್ಡಿ ಐದಾರು, ಪೆನ್ಸಿಲ್, ಹಳೇ ಸೀರೆಯ ತುಂಡು, ಖಣದ ಚಿಂದಿ, ಸಣ್ಣ ಮಣಿಗಳು. ಟೇಲರ್ ಅಂಗಡಿಯಲ್ಲಿ ಕೇಳಿದರೆ ಚಿಂದಿ ಬಟ್ಟೆ ಪುಕ್ಕಟೆ ಸಿಗುತ್ತದೆ.

ಗೊಂಬೆಯ ಮೈ ಮಾಡುವ ವಿಧಾನ

1) ಮೊದಲು ಕಾಗದದ ಮೇಲೆ ಗೊಂಬೆಯ ಆಕಾರ ಬರೆಯಿರಿ. ತಲೆ 2 ಇಂಚು ಇರಲಿ. ಕೈ, ಕಾಲುಗಳನ್ನು ಬೇರೆ ಬೇರೆಯಾಗಿ ಬರೆಯಿರಿ. ಕಚ್ಚೆ ಉಡಿಸುವ ಗೊಂಬೆಗೆ ಎರಡು ಕಾಲು ಬಿಡಿ ಬಿಡಿಯಾಗಿ ಇರಲೇಬೇಕು. ಕಾಲು ಕೂಡಿದ್ದರೆ ಕಚ್ಚೆ ಹೋಗಲು ದಾರಿಯೇ ಇರುವುದಿಲ್ಲ.

2) ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಗೆರೆಯಿಂದ ಕಾಲು ಇಂಚು ಹೊರಗೆ ಬಿಟ್ಟು ಕತ್ತರಿಸಿ. ಆ ಕಾಲು ಇಂಚು ಹೊಲಿಗೆಗೆ ಬೇಕು.

3) ಗೆರೆಯ ಮೇಲೆ ಹಿಮ್ಮೈ ಹೊಲಿಗೆ ಹಾಕಿ, ಅಂದರೆ ಸೂಜಿ ಒಂದು ಹೆಜ್ಜೆ ಹಿಂದೆ ಹೋಗಿ ಎರಡು ಹೆಜ್ಜೆ ಮುಂದೆ ಬರಬೇಕು. ಓಟದ ಹೊಲಿಗೆ ಹಾಕಿದರೆ ಅರಳೆ ತುಂಬುವಾಗ ಬಾಯಿ ಬಿಡುತ್ತದೆ. ಪಕ್ಕದಲ್ಲಿ ಒಂದೂವರೆ ಇಂಚು ಹೊಲಿಯದೆ ಬಿಡಿ.

4) ಕುತ್ತಿಗೆ, ಕಂಕುಳ ಹತ್ತಿರ ಬಟ್ಟೆಯ ಅಂಚಿಗೆ ಸಣ್ಣ ಸಣ್ಣ ಕತ್ತರಿ ಗುರುತು ಹಾಕಿ. ಹೊಲಿಗೆ ಮಾತ್ರ ಕತ್ತರಿಸಬೇಡಿ. ಹೀಗೆ ಮಾಡಿದರೆ ತಿರುಗಿಸಿದಾಗ ಸುಕ್ಕು ಬೀಳುವುದಿಲ್ಲ.

5) ಪೆನ್ಸಿಲಿನ ಹಿಂಬದಿಯಿಂದ ಒಳಗಿನದನ್ನು ಹೊರಗೆ ಮಾಡಿ. ಅರಳೆಯನ್ನು ಚೂರು ಚೂರು ತುಂಬಿ. ಮೊದಲು ಪಾದ, ಅಂಗೈ, ಆಮೇಲೆ ಮೇಲಕ್ಕೆ ಬನ್ನಿ. ದೊಡ್ಡ ಮುದ್ದೆ ತುರುಕಿದರೆ ಗಂಟು ಗಂಟಾಗುತ್ತದೆ. ಅರಳೆಯಲ್ಲಿ ಬೀಜ ಉಳಿದರೆ ಇಲಿ ಬಂದು ಕಡಿಯುತ್ತದೆ.

6) ಬಟ್ಟೆ ಗೊಂಬೆಗೆ ಬಲ ಇಲ್ಲದ ಜಾಗ ಕುತ್ತಿಗೆ. ಕಸಬರಿಗೆ ಕಡ್ಡಿಗಳನ್ನು ದಾರದಿಂದ ಕಟ್ಟಿ, ತುದಿಗೆ ಅರಿವೆ ಸುತ್ತಿ, ತಲೆಯಿಂದ ಸೊಂಟದವರೆಗೆ ಒಳಗೆ ಇಡಿ. ಆಗ ತಲೆ ನೆಟ್ಟಗೆ ನಿಲ್ಲುತ್ತದೆ.

7) ಕಣ್ಣು, ಹುಬ್ಬು ಕಪ್ಪು ದಾರದಿಂದ, ಕುಂಕುಮ ಕೆಂಪು ದಾರದಿಂದ ಹಾಕಿ. ಒಂದು ಸಣ್ಣ ಮಣಿ ಮೂಗುತಿ ಆಗುತ್ತದೆ. ಉಲನ್ ದಾರವನ್ನು ನಡುವೆ ಬೈತಲೆ ತೆಗೆದು ಹೊಲಿದು ಹಿಂದೆ ತುರುಬು ಕಟ್ಟಿ.

ಕುಬಸ ಮತ್ತು ಸೀರೆ

ಖಣದ ಚಿಂದಿಯಿಂದ ಕುಬಸ ಹೊಲಿಯಬೇಕು. ಮುಂದೆ ಎರಡು ತುದಿ ಉದ್ದ ಬಿಟ್ಟು ಗಂಟು ಹಾಕಬೇಕು. ಗುಂಡಿ, ಹುಕ್ಕು ಬೇಡ. ನಮ್ಮ ಆಯಿಯ ಕುಬಸಕ್ಕೂ ಗಂಟೇ.

ಇಳಕಲ್ ಸೀರೆಯ ವಿಶೇಷ ಅದರ ಸೆರಗಿನಲ್ಲಿದೆ. ಮೈಭಾಗ ಹತ್ತಿ, ಸೆರಗು ರೇಷ್ಮೆ. ಮೈಯ ಹಾಸು ನೂಲನ್ನು, ಸೆರಗಿನ ಹಾಸು ನೂಲನ್ನು ಒಂದರೊಳಗೊಂದು ಕೊಂಡಿ ಹಾಕಿ ಸೇರಿಸುತ್ತಾರೆ. ಇದಕ್ಕೆ ಕೊಂಡಿ ಅಂತಲೇ ಹೆಸರು. ಕೆಂಪು ಸೆರಗಿನ ಮೇಲೆ ಬಿಳಿ ಬಣ್ಣದಲ್ಲಿ ಜೋಳದ ತೆನೆಯ ಹಾಗೆ ವಿನ್ಯಾಸ ಬರುತ್ತದೆ. ಅದಕ್ಕೆ ತೋಪ ತೆನಿ ಸೆರಗು ಅನ್ನುತ್ತಾರೆ. ಗೊಂಬೆಯ ಸೀರೆಗೆ ನಾವು ಕೊಂಡಿ ಹಾಕಲು ಆಗುವುದಿಲ್ಲ. ಕೆಂಪು ತುಂಡನ್ನು ತುದಿಗೆ ಹೊಲಿದು ಬಿಳಿ ದಾರದಿಂದ ತೆನೆ ಬಿಡಿಸಿದರೆ ಸಾಕು.

ಕಸೂತಿ ಗೊತ್ತಿದ್ದವರು ಸೆರಗಿನ ಮೇಲೆ ಒಂದು ಸಾಲು ಹಾಕಬಹುದು. ಕಸೂತಿಯಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರ್ಗಿ, ನೇಯ್ಗಿ, ಮೆಂಥಿ. ಗವಂತಿಯಲ್ಲಿ ಸೂಜಿ ಬಿಟ್ಟು ಬಿಟ್ಟು ಮುಂದೆ ಹೋಗುತ್ತದೆ, ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರುತ್ತದೆ. ಬಟ್ಟೆಯ ಎರಡೂ ಮಗ್ಗುಲು ಒಂದೇ ತರಹ ಕಾಣುತ್ತದೆ. ದಾರಕ್ಕೆ ಗಂಟು ಹಾಕುವುದಿಲ್ಲ. ಗೊಂಬೆ ಸಣ್ಣದಾದ್ದರಿಂದ ತೇರು, ಗೋಪುರ ಹಿಡಿಸುವುದಿಲ್ಲ. ಒಂದು ಗವಂತಿ ಸಾಲೇ ಚಂದ.

ಕಚ್ಚೆ ಉಡಿಸುವ ವಿಧಾನ

ಮೊದಲು ಸೀರೆಗೆ ತೆಳು ಗಂಜಿ ಹಾಕಿ ಅರ್ಧ ಒಣಗಿಸಿ. ಆಗ ನಿರಿಗೆ ಹೇಳಿದ ಮಾತು ಕೇಳುತ್ತದೆ.

1) ಸೀರೆಯನ್ನು ಗೊಂಬೆಯ ಬೆನ್ನ ಹಿಂದಿನಿಂದ ಸೊಂಟಕ್ಕೆ ತನ್ನಿ. ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ ಇರಲಿ.

2) ಎರಡೂ ಕಡೆಯ ಮೇಲಂಚನ್ನು ಹೊಕ್ಕಳ ಹತ್ತಿರ ತಂದು ಗಟ್ಟಿ ಗಂಟು ಹಾಕಿ. ಇಡೀ ಸೀರೆ ನಿಲ್ಲುವುದು ಈ ಗಂಟಿನ ಮೇಲೆ.

3) ಉದ್ದನೆಯ ಕಡೆಯ ತುದಿಯನ್ನು ಹಿಂದಿನಿಂದ ಸುತ್ತಿ, ಎದೆಯ ಮೇಲಿಂದ ಹೆಗಲಿಗೆ ಒಯ್ದು, ತಲೆಯ ಮೇಲೆ ಸೆರಗು ಹೊದಿಸಿ. ಸೆರಗಿಗೆ ಎಷ್ಟು ಬೇಕೋ ಅಷ್ಟು ಮೊದಲೇ ಅಳೆದುಕೊಳ್ಳಿ.

4) ಮುಂದೆ ಉಳಿದ ಬಟ್ಟೆಯನ್ನು ನಿರಿಗೆ ಮಾಡಿ ಹೊಕ್ಕಳ ಹತ್ತಿರ ಸಿಕ್ಕಿಸಿ.

5) ಈಗ ನಿರಿಗೆಯ ಕೆಳಗಿನ ಅಂಚಿನ ನಡುಭಾಗ ಹಿಡಿದು, ಎರಡು ಕಾಲಿನ ನಡುವಿನಿಂದ ಹಿಂದಕ್ಕೆ ಎಳೆಯಿರಿ. ಬಹಳ ಬಿಗಿ ಬೇಡ. ಬಿಗಿ ಆದರೆ ಗೊಂಬೆ ಕೂರುವುದಿಲ್ಲ.

6) ಆ ಅಂಚನ್ನು ಸಣ್ಣ ಮಡಿಕೆ ಮಾಡಿ ಬೆನ್ನ ಹಿಂದೆ ಸೊಂಟಕ್ಕೆ ಸಿಕ್ಕಿಸಿ. ಇದೇ ಕಚ್ಚೆ.

ಗೊಂಬೆಯನ್ನು ಕೂರಿಸಿ ನೋಡಿ. ಕಚ್ಚೆ ಬಿಚ್ಚದಿದ್ದರೆ ನೀವು ಪಾಸು!

ಸೂಜಿ ಯಾಕೆ ಹಾಕಬಾರದು?

ನಿರಿಗೆ ಜಾರುತ್ತದೆ, ನಾಲ್ಕು ಹೊಲಿಗೆ ಹಾಕಿಬಿಡೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ಆಯಿ ನನ್ನ ಕೈ ಹಿಡಿದು ನಿಲ್ಲಿಸಿದಳು. "ತಮ್ಮಾ, ಸೂಜಿ ಹಾಕಬ್ಯಾಡ. ಹೊಲಿದ್ರ ಅದು ಸೀರಿ ಅಲ್ಲ, ಅಂಗಿ ಆಕ್ಕೈತಿ" ಅಂದಳು. ಯೋಚಿಸಿದರೆ ಇದು ದೊಡ್ಡ ಮಾತು. ಹೊಲಿದ ಗೊಂಬೆ ಕಪಾಟಿನಲ್ಲಿ ಕೂರುತ್ತದೆ. ನೋಡಿದವರು ಚಂದ ಐತಿ ಅಂತಾರೆ, ಹೋಗ್ತಾರೆ. ಹೊಲಿಯದ ಗೊಂಬೆಯ ಸೀರೆ ಬಿಚ್ಚಬಹುದು, ಮತ್ತೆ ಉಡಿಸಬಹುದು. ಬಿಚ್ಚಿದಾಗ ಒಳಗಿನ ಗಂಟು ಕಾಣುತ್ತದೆ. ಹತ್ತು ಸಲ ಉಡಿಸಿದರೆ ಕೈಗೆ ಬರುತ್ತದೆ. ಕೈಗೆ ಬಂದ ವಿದ್ಯೆ ಗೆದ್ದಲು ತಿನ್ನುವುದಿಲ್ಲ.

ಇನ್ನೂ ಎರಡು ಗೊಂಬೆಗಳು

ಕಚ್ಚೆ ಗೊಂಬೆ ಒಂದೇ ನಿಲ್ಲಿಸಿದರೆ ಹೋಲಿಕೆ ತಿಳಿಯುವುದಿಲ್ಲ. ಪಕ್ಕದಲ್ಲಿ ಇನ್ನೆರಡು ನಿಲ್ಲಿಸಬಹುದು.

ಒಂದು ಕೊಡಗಿನ ಗೊಂಬೆ. ಅಲ್ಲಿ ಸೀರೆಯ ನಿರಿಗೆ ಹಿಂದೆ ಇರುತ್ತದೆ, ಸೆರಗನ್ನು ಎಡ ಕಂಕುಳ ಕೆಳಗಿಂದ ತಂದು ಬಲ ಹೆಗಲ ಮೇಲೆ ಕಟ್ಟುತ್ತಾರೆ. ಕಾವೇರಿ ನದಿಯಾಗಿ ಹರಿದಾಗ ನೀರಿನ ಸೆಳೆತಕ್ಕೆ ಹೆಂಗಸರ ಮುಂದಿನ ನಿರಿಗೆ ಹಿಂದಕ್ಕೆ ಹೋಯಿತು ಅಂತ ಅಲ್ಲಿ ಕಥೆ ಹೇಳುತ್ತಾರೆ.

ಇನ್ನೊಂದು ಈಗಿನ ಸೀರೆಯ ಗೊಂಬೆ. ಆರು ಗಜ, ಒಳಗೆ ಲಂಗ, ಮೇಲೆ ರವಿಕೆ, ಮುಂದೆ ನಿರಿಗೆ, ಎಡ ಹೆಗಲಿಗೆ ಸೆರಗು. ನಮ್ಮ ಅವ್ವಂದಿರು, ಅಕ್ಕೋರು ಉಡುವುದು ಇದೇ. ಸೀರೆಯ ಜೊತೆ ಲಂಗ, ರವಿಕೆ ತೊಡುವ ಈ ರೀತಿ ಹರಡಲು ಕಾರಣರಾದವರಲ್ಲಿ ಬಂಗಾಳದ ಜ್ಞಾನದಾನಂದಿನಿ ದೇವಿ ಒಬ್ಬರು. ಅವರು ಕವಿ ರವೀಂದ್ರನಾಥ ಠಾಕೂರರ ಅತ್ತಿಗೆ. 1860ರ ದಶಕದಲ್ಲಿ ಗಂಡನ ಜೊತೆ ಬೊಂಬಾಯಿಗೆ ಬಂದಾಗ ಪಾರ್ಸಿ ಹೆಂಗಸರು ಸೀರೆ ಉಡುವುದನ್ನು ನೋಡಿ ಕಲಿತು, ಬೇರೆಯವರಿಗೂ ಕಲಿಸಿದರು. ಅಂದರೆ ನಾವು "ಮಾಮೂಲಿ ಸೀರೆ" ಅನ್ನುವುದು ಕಚ್ಚೆ ಸೀರೆಗಿಂತ ಹೊಸದು! ಈ ಗೊಂಬೆಗೆ ಸೀರೆ 216 ಇಂಚನ್ನು 5ರಿಂದ ಭಾಗಿಸಿದರೆ ಸುಮಾರು 43 ಇಂಚು ಸಾಕು.

ಕೊನೆಯದಾಗಿ

ಕಚ್ಚೆ ಗೊಂಬೆಯನ್ನು ನಮ್ಮ ತರಗತಿಯ ಪುಸ್ತಕದ ಕಪಾಟಿನ ಮೇಲೆ ಇಟ್ಟಿದ್ದೇನೆ. ಅಕ್ಕೋರು ಒಪ್ಪಿಗೆ ಕೊಟ್ಟಿದ್ದಾರೆ. ಯಾರು ಬೇಕಾದರೂ ಊಟದ ಬಿಡುವಿನಲ್ಲಿ ಬಂದು ಸೀರೆ ಬಿಚ್ಚಿ ಮತ್ತೆ ಉಡಿಸಬಹುದು. ಕೈ ತೊಳೆದುಕೊಂಡು ಬನ್ನಿ ಅಷ್ಟೆ, ಸಾರಿನ ಕಲೆ ಹೋಗುವುದಿಲ್ಲ.

ನೀವೂ ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಕಚ್ಚೆ ಉಡುವ ಅಜ್ಜಿ ಇದ್ದರೆ ಗೊಂಬೆಯನ್ನು ಅವರ ಹತ್ತಿರ ಒಯ್ಯಿರಿ. ಅವರ ರೀತಿಯಲ್ಲಿ ಉಡಿಸಿಕೊಡಲು ಹೇಳಿ. ಎಲ್ಲಿ ಬೇರೆ ಇದೆ ಅಂತ ನೋಡಿ ಬರೆದಿಡಿ. ಗೊಂಬೆಯ ಜೊತೆ ಒಂದು ಚೀಟಿ ಕಟ್ಟಿದ್ದೇನೆ. ಅದರಲ್ಲಿ ಮೂರು ವಿಷಯ ಬರೆಯಬೇಕು: ಉಡಿಸಿದವರು ಯಾವ ಊರಿನವರು, ಸೀರೆ ಎಷ್ಟು ಗಜ, ಕಚ್ಚೆ ಹೇಗೆ ಮಡಿಚಿದರು. ಚೀಟಿಯಲ್ಲಿ ಈಗ ಒಂದೇ ಸಾಲು ಇದೆ, ಅದು ನಮ್ಮ ಆಯಿಯದು. ಉಳಿದ ಇಬ್ಬರು ಅಜ್ಜಿಯರದ್ದನ್ನು ದೀಪಾವಳಿ ಸೂಟಿಯ ಒಳಗೆ ಬರೆಸಬೇಕು ಅಂತ ಇದ್ದೇನೆ. ಹೊಳೆಯ ಆಚೆ ಊರುಗಳಲ್ಲಿ ನಿಮ್ಮ ಬೀಗರು ನೆಂಟರು ಯಾರಾದರೂ ಇದ್ದರೆ, ಮೀನಿನ ಬಾಲದ ಕಚ್ಚೆ ಬರುತ್ತದೇನು ಅಂತ ದಯವಿಟ್ಟು ಕೇಳಿಕೊಂಡು ಬನ್ನಿ.

ಇಂತಿ,
ಏಳನೇ ತರಗತಿಯ ವಿದ್ಯಾರ್ಥಿ